"ನನ್ನೊಟ್ಟಿಗೆ" ಅನ್ನಲು ಸ್ಪ್ಯಾನಿಷ್‌ನಲ್ಲಿ ಎರಡು ಸಲ "ಒಟ್ಟಿಗೆ"

ಪ್ರಶ್ನೆ: ನಾನು ಮಲ್ಪೆಯವ. ಪ್ರವಾಸಿ ಹಡಗಿನ ಅಡುಗೆಮನೆಯಲ್ಲಿ ಕೆಲಸ, ಈಗ ರಜೆಯಲ್ಲಿ ಊರಿಗೆ ಬಂದಿದ್ದೇನೆ. ಏಳು ತಿಂಗಳಿಂದ ಮೊಬೈಲ್ ಆ್ಯಪ್‌ನಲ್ಲಿ ಸ್ಪ್ಯಾನಿಷ್ ಕಲಿಯುತ್ತಿದ್ದೇನೆ. ಹಡಗಿನ ಕ್ಯಾಬಿನ್‌ನಲ್ಲಿ ನನ್ನೊಟ್ಟಿಗೆ ಇರುವವ ಅರ್ಜೆಂಟೀನಾದವ. ನಾನು "ಕೊನ್ ಮಿ" ಅಂದರೆ ನಗುತ್ತಾನೆ, "ಕೊನ್ಮೀಗೊ" ಅನ್ನಬೇಕಂತೆ. "ಪಾರ ತು" ತಪ್ಪು, "ಪಾರ ತಿ" ಸರಿ ಅಂತ ಆ್ಯಪ್ ಹೇಳುತ್ತದೆ. ಸರಿ ಅಂತ ಕಲಿತು "ಎಂತ್ರೆ ತಿ ಇ ಮೀ" ಅಂದೆ. ಅದೂ ತಪ್ಪಂತೆ, "ಎಂತ್ರೆ ತೂ ಇ ಯೋ" ಆಗಬೇಕಂತೆ! ಇಷ್ಟೆಲ್ಲ ಆಗಿ ಆ ಪುಣ್ಯಾತ್ಮ ಮಾತ್ರ "ಪಾರ ತಿ" ಅನ್ನುವುದೇ ಇಲ್ಲ, "ಪಾರ ಬೋಸ್" ಅನ್ನುತ್ತಾನೆ. ಇದಕ್ಕೆಲ್ಲ ಒಂದು ನಿಯಮ ಅಂತ ಇದೆಯಾ, ಅಥವಾ ಸುಮ್ನೆ ಬಾಯಿಪಾಠ ಮಾಡಬೇಕಾ?

ಉತ್ತರ: ನಿಯಮ ಇದೆ. ನೀವು ಹೆದರಿದಷ್ಟು ದೊಡ್ಡದಲ್ಲ. ಅದಕ್ಕೆ ಮೊದಲು ನಿಮ್ಮ "ಕೊನ್ ಮಿ" ಬಗ್ಗೆ ಒಂದು ಮಾತು. ಅದೇ ತಪ್ಪನ್ನು ನಾನೂ ಮಾಡಿದ್ದೇನೆ, ಅದೂ ದುಡ್ಡು ತಗೊಂಡು.

ಆಗ ನಾನು ಸ್ಪ್ಯಾನಿಷ್ ಕಲಿಯಲು ಶುರು ಮಾಡಿ ಒಂದು ವರ್ಷ ಆಗಿತ್ತು. ಚಳಿಗಾಲ ಬಂತೆಂದರೆ ಪಣಂಬೂರಿನ ಬಂದರಿಗೆ ಪ್ರವಾಸಿ ಹಡಗುಗಳು ಬರುತ್ತವಲ್ಲ, ಹಾಗೆ ಬಂದ ಒಂದು ಹಡಗಿನಿಂದ ಇಳಿದ ಸ್ಪೇನ್‌ನ ಐದಾರು ಮಂದಿಗೆ ಮಂಗಳೂರು ತೋರಿಸುವ ಕೆಲಸ ಸಿಕ್ಕಿತು. ಕುದ್ರೋಳಿ ದೇವಸ್ಥಾನ ಆಯಿತು, ಅಲೋಶಿಯಸ್ ಚಾಪೆಲ್ ಆಯಿತು. ಮಾರ್ಕೆಟ್ ಹತ್ತಿರ ಬರುವಾಗ ಗುಂಪು ಚದುರಿತು. ಒಬ್ಬರು ಅಜ್ಜಿ ಮಲ್ಲಿಗೆ ಕಟ್ಟುವವರ ಎದುರು ನಿಂತುಬಿಟ್ಟಿದ್ದರು. ನಾನು ಹೋಗಿ "ಬೆಂಗಾ ಕೊನ್ ಮಿ" ಅಂದೆ. ನನ್ನೊಟ್ಟಿಗೆ ಬನ್ನಿ ಅಂತ ನನ್ನ ಲೆಕ್ಕ. ಅಜ್ಜಿ ಕದಲಲಿಲ್ಲ. ನನ್ನ ಮುಖ ನೋಡುತ್ತಾ ನಿಂತರು. ಮತ್ತೆ ಮೆಲ್ಲಗೆ ಕೇಳಿದರು: "ಕೊನ್ ಸು ಕೆ?"

ಅಂದರೆ, "ನಿಮ್ಮ ಯಾವುದರ ಜೊತೆ?"

ಅವರ ಕಿವಿಗೆ ಬಿದ್ದದ್ದು ನಡುವೆ ಒಂದು ಪದ ಬಿಟ್ಟುಹೋದ ವಾಕ್ಯ. "ನನ್ನ... ಜೊತೆ ಬನ್ನಿ." ನನ್ನ ಡ್ರೈವರ್ ಜೊತೆಯಾ, ನನ್ನ ಹೆಂಡತಿಯ ಜೊತೆಯಾ? ಅವರು ಆ ಪದಕ್ಕೆ ಕಾಯುತ್ತಿದ್ದರು. ನಾನು ಅವರಿಗೆ ಕಾಯುತ್ತಿದ್ದೆ.

ನಿಮ್ಮ ಎಲ್ಲ ಗೊಂದಲದ ಬೇರು ಇಲ್ಲೇ ಇದೆ. ಕನ್ನಡದಲ್ಲಿ "ನನ್ನ ಮನೆ" ಅನ್ನುವಾಗಲೂ ನನ್ನ, "ನನ್ನ ಜೊತೆ" ಅನ್ನುವಾಗಲೂ ನನ್ನ. ಎರಡು ಕೆಲಸಕ್ಕೆ ಒಂದೇ ಪದ. ಸ್ಪ್ಯಾನಿಷ್‌ನಲ್ಲಿ ಹಾಗಲ್ಲ. ಮನೆ ಅನ್ನುವ ಪದಕ್ಕೆ ಮೊದಲು ಕೂರುವ "ನನ್ನ" ಬೇರೆ, ಅದು "ಮಿ". "ಮಿ ಕಾಸಾ" ಅಂದರೆ ನನ್ನ ಮನೆ. ಪ್ರಿಪೊಸಿಷನ್ (ಜೊತೆ, ಗೋಸ್ಕರ, ನಡುವೆ ಇಂಥ ಅರ್ಥ ಕೊಡುವ, ಸರ್ವನಾಮಕ್ಕೆ ಮೊದಲು ಬರುವ ಪದ) ಆದಮೇಲೆ ಒಂಟಿಯಾಗಿ ನಿಲ್ಲುವ "ನಾನು" ಬೇರೆ, ಅದು "ಮೀ". "ಪಾರ ಮೀ" ಅಂದರೆ ನನಗೋಸ್ಕರ. ಬರೆಯುವಾಗ ಎರಡನೆಯದರ ತಲೆಯ ಮೇಲೆ ಒಂದು ಓರೆ ಗೀಟು ಬರುತ್ತದೆ. ಮಿ-ಮೀ, ತು-ತೂ ಜೋಡಿಗಳಲ್ಲಿ ನಾನಿಲ್ಲಿ ಗೀಟು ಇರುವುದನ್ನು ದೀರ್ಘವಾಗಿ, ಇಲ್ಲದ್ದನ್ನು ಹ್ರಸ್ವವಾಗಿ ಬರೆಯುತ್ತಿದ್ದೇನೆ. ನಿಜಕ್ಕೂ ಉಚ್ಚಾರದಲ್ಲಿ ಸ್ವರ ಒಂದೇ, "ಮೀ" ಅನ್ನುವಾಗ ಸ್ವಲ್ಪ ಒತ್ತು ಬೀಳುತ್ತದೆ ಅಷ್ಟೇ. ಹಾಗಾಗಿಯೇ ಅಜ್ಜಿ ಕಾದು ನಿಂತದ್ದು.

ಹಾಗೆಯೇ "ತು ಕಾಸಾ" ಅಂದರೆ ನಿನ್ನ ಮನೆ, "ತೂ" ಅಂದರೆ ನೀನು, "ಪಾರ ತಿ" ಅಂದರೆ ನಿನಗೋಸ್ಕರ. ನೀವು "ಪಾರ ತು" ಅಂದಾಗ ಎದುರಿನವನಿಗೆ "ನಿನ್ನ... ಗೋಸ್ಕರ" ಅಂದಂತೆ ಕೇಳುತ್ತದೆ. ಅನುಮಾನ ಬಂದಾಗ ಒಂದು ಕೆಲಸ ಮಾಡಿ. ನಿಮ್ಮ ಮನಸ್ಸಿನಲ್ಲಿರುವ "ನನ್ನ" ಆದಮೇಲೆ ಒಂದು ವಸ್ತುವೋ ಮನುಷ್ಯನೋ ಬರುತ್ತದಾ ನೋಡಿ. ಬಂದರೆ "ಮಿ". ಬರದಿದ್ದರೆ "ಮೀ".

ಇನ್ನು ನಿಯಮ. ಪ್ರಿಪೊಸಿಷನ್ ಬಂದಾಗ ಬದಲಾಗುವುದು ಎರಡೇ ಎರಡು ಸರ್ವನಾಮ. "ಯೋ" ಹೋಗಿ "ಮೀ" ಆಗುತ್ತದೆ, "ತೂ" ಹೋಗಿ "ತಿ" ಆಗುತ್ತದೆ. ಅವನು ಅನ್ನುವ "ಎಲ್", ಅವಳು ಅನ್ನುವ "ಎಯಾ", ನೀವು ಅನ್ನುವ "ಉಸ್ತೆದ್", ನಾವು ಅನ್ನುವ "ನೊಸೋತ್ರೊಸ್", ಅವರು ಅನ್ನುವ "ಎಯೊಸ್" ಎಲ್ಲ ಇದ್ದ ಹಾಗೇ ಇರುತ್ತವೆ. "ಪಾರ ಎಲ್" (ಅವನಿಗೋಸ್ಕರ), "ಸಿನ್ ಎಯಾ" (ಅವಳಿಲ್ಲದೆ), "ಕೊನ್ ಉಸ್ತೆದ್" (ನಿಮ್ಮೊಟ್ಟಿಗೆ), "ದೆ ನೊಸೋತ್ರೊಸ್" (ನಮ್ಮ). ನಾವು ಕನ್ನಡದಲ್ಲಿ ಎಲ್ಲವನ್ನೂ ಬದಲಾಯಿಸುತ್ತೇವೆ. ನಾನು-ನನ್ನ, ನೀನು-ನಿನ್ನ, ನಾವು-ನಮ್ಮ, ಅವನು-ಅವನ. "ನಾನು ಒಟ್ಟಿಗೆ ಬಾ" ಅಂತ ಎರಡು ವರ್ಷದ ಮಗು ಕೂಡ ಅನ್ನಲಿಕ್ಕಿಲ್ಲ. ತುಳುವಿನಲ್ಲೂ ಯಾನ್ ಹೋಗಿ "ಎನ್ನೊಟ್ಟುಗು" ಆಗುತ್ತದೆ. ಹಾಗಾಗಿ ಬದಲಾಯಿಸುವ ಅಭ್ಯಾಸ ನಮಗೆ ಹುಟ್ಟಿನಿಂದ ಇದೆ. ಆದರೆ ಸ್ಪ್ಯಾನಿಷ್ ಎದುರು ಬಂದ ಕೂಡಲೇ ನಾವು ಅದನ್ನು ಇಂಗ್ಲಿಷ್ ದಾರಿಯಲ್ಲಿ ಸುತ್ತಿಸಿ ತರುತ್ತೇವೆ. ಇಂಗ್ಲಿಷ್‌ನಲ್ಲಿ ನೀನು, ನಿನಗೆ, ನಿನ್ನ ಜೊತೆ ಎಲ್ಲದಕ್ಕೂ "ಯೂ" ಒಂದೇ. ಆ ಸೋಮಾರಿತನ "ಪಾರ ತು" ಆಗಿ ಹೊರಬರುತ್ತದೆ. ಕನ್ನಡದಿಂದ ನೇರವಾಗಿ ಹೋದರೆ ಅರ್ಧ ತಪ್ಪು ತನ್ನಿಂದ ತಾನೇ ನಿಲ್ಲುತ್ತದೆ ಅನ್ನುವುದು ನನ್ನ ಅನುಭವ.

ಈಗ "ಕೊನ್ಮೀಗೊ". ನನಗೆ ಇಡೀ ಸ್ಪ್ಯಾನಿಷ್‌ನಲ್ಲಿ ತುಂಬಾ ಇಷ್ಟದ ಪದ ಇದು.

"ಕೊನ್" ಅಂದರೆ ಜೊತೆ. ನಿಯಮದ ಪ್ರಕಾರ "ಕೊನ್ ಮೀ" ಆಗಬೇಕಿತ್ತು. ಆಗಲಿಲ್ಲ. ಯಾಕೆಂದರೆ ಸ್ಪ್ಯಾನಿಷ್‌ನ ತಾಯಿ ಲ್ಯಾಟಿನ್. ಅದರಲ್ಲಿ "ಜೊತೆ" ಅನ್ನುವ "ಕುಮ್" ಬೇರೆ ಪದಗಳ ಮುಂದೆ ಬರುತ್ತಿತ್ತು, ನಾನು, ನೀನು, ನೀವು ಇಂಥ ಸರ್ವನಾಮ ಬಂದಾಗ ಹಿಂದೆ ಅಂಟುತ್ತಿತ್ತು. "ಮೇಕುಮ್" ಅಂದರೆ ನನ್ನೊಟ್ಟಿಗೆ. "ತೇಕುಮ್" ಅಂದರೆ ನಿನ್ನೊಟ್ಟಿಗೆ. ನೋಡಿ, ಥೇಟ್ ಕನ್ನಡದ ಜೋಡಣೆ! ಮಂಗಳೂರಿನ ಇಗರ್ಜಿಗಳಲ್ಲಿ 1960ರ ದಶಕದಲ್ಲಿ ಪೂಜೆ ಜನರ ಭಾಷೆಗೆ ಬರುವ ಮೊದಲು ಲ್ಯಾಟಿನ್‌ನಲ್ಲೇ ನಡೆಯುತ್ತಿತ್ತು. ಆಗಿನ ಕಾಲದ ಅಜ್ಜ ಅಜ್ಜಿಯರನ್ನು ಕೇಳಿ ನೋಡಿ, "ದೋಮಿನುಸ್ ವೋಬಿಸ್ಕುಮ್" ಇನ್ನೂ ಬಾಯಲ್ಲಿರುತ್ತದೆ. ದೇವರು ನಿಮ್ಮೊಟ್ಟಿಗೆ ಇರಲಿ ಅಂತ ಅರ್ಥ. ಆ "ವೋಬಿಸ್ಕುಮ್" ಕೂಡ ಇದೇ ಮನೆಯದ್ದು. ವೋಬಿಸ್ ಅಂದರೆ ನಿಮ್ಮ, ಕುಮ್ ಅಂದರೆ ಒಟ್ಟಿಗೆ.

ಕಾಲ ಹೋದ ಹಾಗೆ "ಮೇಕುಮ್" ಸವೆದು ಸವೆದು "ಮೀಗೊ" ಆಯಿತು. ಅದರ ಬಾಲದಲ್ಲಿ "ಜೊತೆ" ಇದೆ ಅನ್ನುವುದೇ ಜನಕ್ಕೆ ಮರೆತುಹೋಯಿತು. ಮರೆತವರು ಮುಂದೆ ಇನ್ನೊಂದು "ಕೊನ್" ಸೇರಿಸಿದರು. ಹಾಗೆ "ಕೊನ್ಮೀಗೊ" ಹುಟ್ಟಿತು. ಬಿಡಿಸಿ ನೋಡಿದರೆ "ಜೊತೆ ನನ್ನ ಜೊತೆ". ನಗಬೇಡಿ, ನಾವೂ "ನಡುಮಧ್ಯೆ" ಅನ್ನುವುದಿಲ್ವಾ? ನಡು ಅಂದರೂ ಮಧ್ಯೆ, ಮಧ್ಯೆ ಅಂದರೂ ನಡು. "ಕೊಂತೀಗೊ" ಅಂದರೆ ನಿನ್ನೊಟ್ಟಿಗೆ, ಅದೂ ಹೀಗೇ ಹುಟ್ಟಿದ್ದು. ಹಳೆಯ ಕಾಲದ ಸ್ಪ್ಯಾನಿಷ್‌ನಲ್ಲಿ "ನಮ್ಮೊಟ್ಟಿಗೆ" ಅನ್ನಲೂ ಇಂಥದ್ದೇ ಪದ ಇತ್ತು. ಆಮೇಲೆ ಸ್ಪ್ಯಾನಿಷ್ ಅದನ್ನು ಬಿಟ್ಟಿತು, ಪೋರ್ಚುಗೀಸ್ "ಕೊನೋಸ್ಕು" ಅಂತ ಇವತ್ತಿಗೂ ಇಟ್ಟುಕೊಂಡಿದೆ. ಹಾಗಾಗಿ ಸ್ಪ್ಯಾನಿಷ್‌ನಲ್ಲಿ ಈಗ "ಕೊನ್ ನೊಸೋತ್ರೊಸ್" ಅಂದರೆ ಆಯಿತು.

ಈ ಕುಟುಂಬದ ಮೂರನೆಯದು "ಕೊನ್ಸೀಗೊ". ಆ್ಯಪ್‌ಗಳು ಇದನ್ನು ಇಂಗ್ಲಿಷ್‌ನಲ್ಲಿ ವಿವರಿಸಲು ಹೋಗಿ ಒದ್ದಾಡುತ್ತವೆ. ಕನ್ನಡದವರಿಗೆ ಒಂದೇ ಸಾಲು ಸಾಕು: "ಕೊನ್ಸೀಗೊ" ಅಂದರೆ ತನ್ನೊಟ್ಟಿಗೆ, "ಕೊನ್ ಎಲ್" ಅಂದರೆ ಅವನೊಟ್ಟಿಗೆ. "ಅವ ದುಡ್ಡು ತನ್ನೊಟ್ಟಿಗೆ ಇಟ್ಟುಕೊಂಡಿದ್ದಾನೆ" ಅಂದರೆ ಜೇಬು ಅವನದ್ದೇ. "ಅವನೊಟ್ಟಿಗೆ ಇದೆ" ಅಂದರೆ ಬೇರೆ ಯಾರದ್ದೋ ಜೇಬು ಆಗಬಹುದು. ನಮ್ಮ ತಾನು-ತನ್ನ ಮಾಡುವ ಕೆಲಸವನ್ನೇ ಸ್ಪ್ಯಾನಿಷ್‌ನ "ಸೀ" ಮಾಡುತ್ತದೆ. "ಪಾರ ಸೀ" ಅಂದರೆ ತನಗೋಸ್ಕರ. ಒಂದು ಎಚ್ಚರ ಮಾತ್ರ. ಪೋರ್ಚುಗಲ್‌ನವರು "ಕೊನ್ಸೀಗು" ಅನ್ನುವುದನ್ನು "ನಿಮ್ಮೊಟ್ಟಿಗೆ" ಅಂತ ಗೌರವಕ್ಕೂ ಬಳಸುತ್ತಾರೆ. ಸ್ಪ್ಯಾನಿಷ್‌ನಲ್ಲಿ ಹಾಗೆ ಅನ್ನಬೇಡಿ, ಅಲ್ಲಿ "ಕೊನ್ ಉಸ್ತೆದ್".

ಇನ್ನು ನಿಮ್ಮ ತಲೆ ಕೆಡಿಸಿದ "ಎಂತ್ರೆ ತೂ ಇ ಯೋ". ನಿನ್ನ ನನ್ನ ನಡುವೆ ಅಂತ ಅರ್ಥ. ಕೆಲವು ಪದಗಳು ಪ್ರಿಪೊಸಿಷನ್ ವೇಷ ಹಾಕಿಕೊಂಡರೂ "ಮೀ" "ತಿ" ಕೇಳುವುದಿಲ್ಲ, "ಯೋ" "ತೂ" ಸಾಕು ಅನ್ನುತ್ತವೆ. ಎಂತ್ರೆ ಅವುಗಳಲ್ಲಿ ಒಂದು. ಉಳಿದವು "ಸೆಗೂನ್" (ಪ್ರಕಾರ), "ಎಕ್ಸೆಪ್ತೊ", "ಸಾಲ್ಬೊ", "ಮೆನೊಸ್" (ಮೂರಕ್ಕೂ "ಬಿಟ್ಟು" ಅಂತ ಅರ್ಥ), "ಇನ್ಕ್ಲೂಸೊ" (ಕೂಡ), ಮತ್ತೆ ಒಂದು ಅರ್ಥದಲ್ಲಿ "ಆಸ್ತಾ".

ಯಾಕೆ ಹೀಗೆ? ಎಂತ್ರೆ ಒಂದನ್ನು ಬದಿಗಿಟ್ಟರೆ, ಉಳಿದವುಗಳ ಹಿಂದೆ ಒಂದು ಕ್ರಿಯಾಪದ ಅಡಗಿ ಕೂತಿರುತ್ತದೆ. "ಸೆಗೂನ್ ತೂ" ಅನ್ನುವುದನ್ನು "ನಿನ್ನ ಪ್ರಕಾರ" ಅಂತ ತಗೊಂಡರೆ "ತಿ" ಬರಬೇಕಿತ್ತಲ್ಲ ಅನಿಸುತ್ತದೆ. "ನೀನು ಹೇಳುವ ಹಾಗೆ" ಅಂತ ತಗೊಳ್ಳಿ. ಹೇಳುವವ ನೀನು, ಹಾಗಾಗಿ "ತೂ". "ತೋದೊಸ್ ಕೊಮಿಯೆರೊನ್ ಎಕ್ಸೆಪ್ತೊ ಯೋ" ಅನ್ನುವುದಕ್ಕೆ ನಮ್ಮೂರಿನ ಕನ್ನಡದಷ್ಟು ಒಳ್ಳೆಯ ಅನುವಾದ ಇಲ್ಲ: ಎಲ್ಲರದ್ದೂ ಊಟ ಆಯಿತು, ನಾನೊಬ್ಬ ಬಾಕಿ. ಊಟ ಮಾಡದೆ ಉಳಿದವ ನಾನು, ಅದಕ್ಕೆ "ಯೋ".

"ಆಸ್ತಾ" ಇನ್ನೂ ಚಂದ. "ಆಸ್ತಾ ಯೋ ಲೋ ಸೆ" ಅಂದರೆ, ನನಗೆ ಕೂಡ, ನನ್ನಂಥವನಿಗೆ ಕೂಡ ಅದು ಗೊತ್ತು. "ಎಲ್ ಆಗ್ವಾ ಯೆಗೋ ಆಸ್ತಾ ಮೀ" ಅಂದರೆ, ನೀರು ನನ್ನವರೆಗೆ ಬಂತು. ಪದ ಒಂದೇ, ಹಿಂದೆ ಬರುವುದು ಒಮ್ಮೆ ಯೋ, ಒಮ್ಮೆ ಮೀ. ಇದು ವಿಚಿತ್ರ ಅನಿಸಿದರೆ ನಮ್ಮ "ಕೂಡ" ಅನ್ನು ನೋಡಿ. "ನಾನು ಕೂಡ ಬಂದೆ" ಅಂದರೆ ಒಂದು ಅರ್ಥ. ಉತ್ತರ ಕರ್ನಾಟಕದ ಕಡೆಯವರು "ನನ್ನ ಕೂಡ ಬಾ" ಅಂದರೆ ನನ್ನೊಟ್ಟಿಗೆ ಬಾ ಅಂತ. ಕೂಡ ಅದೇ, ಅದಕ್ಕೆ ಮೊದಲು ಬರುವ ಸರ್ವನಾಮ ನೋಡಿಯೇ ನಾವು ಅರ್ಥ ಹಿಡಿಯುತ್ತೇವೆ. ಯಾರೂ ನಮಗೆ ಅದನ್ನು ಪಾಠ ಮಾಡಲಿಲ್ಲ.

ಎಂತ್ರೆಯದ್ದು ಮಾತ್ರ ರೂಢಿ ಅಂತಲೇ ಹೇಳಬೇಕು. ನಿಮ್ಮ "ಎಂತ್ರೆ ತಿ ಇ ಮೀ" ಒಂದು ಕಾಲದಲ್ಲಿ ಅಷ್ಟೇನೂ ತಪ್ಪಲ್ಲ. ಸ್ಪ್ಯಾನಿಷ್ ಬೈಬಲ್‌ನ ಹಳೆ ಶೈಲಿಯ ಅನುವಾದದಲ್ಲಿ ದೇವರು ಅಬ್ರಹಾಮನಿಗೆ ಒಡಂಬಡಿಕೆಯ ಮಾತು ಹೇಳುವಾಗ "ಎಂತ್ರೆ ಮೀ ಇ ತಿ" ಅಂತಲೇ ಇದೆ. ಇವತ್ತು ಹಡಗಿನ ಅಡುಗೆಮನೆಯಲ್ಲಿ ಹಾಗೆ ಮಾತಾಡಿದರೆ ನಗುತ್ತಾರೆ, ಅಷ್ಟೇ. ಬೇರೆ ಪ್ರಿಪೊಸಿಷನ್‌ಗೆ ಈ ಜೋಡಿಯನ್ನು ಒಯ್ಯಬೇಡಿ. "ಪಾರ ತೂ ಇ ಯೋ" ಆಗುವುದಿಲ್ಲ. "ಪಾರ ತಿ ಇ ಪಾರ ಮೀ" ಅನ್ನಿ. ಎರಡು ಸಲ ಪಾರ ಯಾಕೆ ಅಂತ ಕೇಳಬೇಡಿ. "ನಿನಗೂ ನನಗೂ" ಅನ್ನುವಾಗ ನಾವು ಎರಡು ಸಲ "ಗೆ" ಹಾಕುವುದಿಲ್ವಾ?

ಅಡಗಿದ ಕ್ರಿಯಾಪದದ ಮಾತು ಬಂತಲ್ಲ, ಅಲ್ಲೇ ಇನ್ನೊಂದು ಗುಂಡಿ ಇದೆ. ಕನ್ನಡದವರು ಬೀಳುವ ಗುಂಡಿ ಇದು. "ನನ್ನ ಹಾಗೆ" ಅನ್ನಲು ಜನ "ಕೋಮೊ ಮೀ" ಅನ್ನುತ್ತಾರೆ. "ನನಗಿಂತ ಎತ್ತರ" ಅನ್ನಲು "ಮಾಸ್ ಆಲ್ತೊ ಕೆ ಮೀ" ಅನ್ನುತ್ತಾರೆ. ಎರಡೂ ತಪ್ಪು. "ಕೋಮೊ ಯೋ", "ಮಾಸ್ ಆಲ್ತೊ ಕೆ ಯೋ" ಆಗಬೇಕು. ನಾನು ಇರುವ ಹಾಗೆ, ನಾನು ಇರುವುದಕ್ಕಿಂತ ಅಂತ ಒಳಗೊಳಗೆ ಬಿಡಿಸಿಕೊಂಡರೆ "ಯೋ" ತಾನಾಗಿ ಬರುತ್ತದೆ.

ನೀವು ಕೇಳಲಿಲ್ಲ, ಆದರೂ ಇದೊಂದನ್ನು ಹೇಳದೆ ಬಿಟ್ಟರೆ ನನಗೆ ಸಮಾಧಾನ ಇಲ್ಲ. "ಆ ಮೀ" ಅನ್ನುವುದರ ಬಳಕೆ. ಅದು ಹೆಚ್ಚುಕಡಿಮೆ ನಮ್ಮ "ನನಗೆ". "ನನಗೆ ಮೀನು ಇಷ್ಟ" ಅನ್ನುವುದಕ್ಕೆ "ಮೆ ಗುಸ್ತಾ ಎಲ್ ಪೆಸ್ಕಾದೊ". ಅಲ್ಲಿರುವ ಪುಟ್ಟ "ಮೆ" ನಮ್ಮ "ಗೆ"ಯ ಕೆಲಸ ಮಾಡುತ್ತದೆ. ಮೀನು ಕರ್ತೃ, ನಾನು ಚತುರ್ಥಿಯಲ್ಲಿ, ಕನ್ನಡದ ಹಾಗೇ. ಇದನ್ನೇ "ಆ ಮೀ ಮೆ ಗುಸ್ತಾ ಎಲ್ ಪೆಸ್ಕಾದೊ" ಅಂದರೆ ಒತ್ತು ಜಾಸ್ತಿ: ನನಗಂತೂ ಮೀನು ಇಷ್ಟಪ್ಪಾ. "ಆ ಮೀ" ಬಂತು ಅಂತ "ಮೆ" ಬಿಟ್ಟುಬಿಡಬೇಡಿ. "ಆ ಮೀ ಗುಸ್ತಾ" ಅಂದರೆ ಕಾಲು ಮುರಿದ ವಾಕ್ಯ.

ಈಗ ನೋಡಿ ತಮಾಷೆ. ಯಾರೋ ಅನ್ನುತ್ತಾರೆ, "ನನಗೆ ಬಂಗುಡೆ ಇಷ್ಟ." ನೀವು ಏನನ್ನುತ್ತೀರಿ? "ನಂಗೂ!" ಯಾರೋ ಅನ್ನುತ್ತಾರೆ, "ನಾನು ಅಡುಗೆಮನೆಯಲ್ಲಿ ಕೆಲಸ ಮಾಡುವುದು." ನೀವು ಅನ್ನುವುದು "ನಾನೂ!" ಮೊದಲನೆಯದು ಸ್ಪ್ಯಾನಿಷ್‌ನಲ್ಲಿ "ಆ ಮೀ ತಂಬಿಯೆನ್". ಎರಡನೆಯದು "ಯೋ ತಂಬಿಯೆನ್". ತುಳುವಿನಲ್ಲಿ "ಎಂಕ್‌ಲಾ", "ಯಾನ್‌ಲಾ". ಒಂದು ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲ. ಇಂಗ್ಲಿಷ್‌ನವರು ಎರಡಕ್ಕೂ "ಮೀ ಟೂ" ಅಂದು ಮುಗಿಸುತ್ತಾರೆ, ಹಾಗಾಗಿ ಅವರು ಇದನ್ನು ಕಲಿಯಲು ತಿಂಗಳುಗಟ್ಟಲೆ ಒದ್ದಾಡುತ್ತಾರೆ. ನನ್ನ ತರಗತಿಯಲ್ಲಿ ಇಂಗ್ಲಿಷ್ ಮೀಡಿಯಂ ಮಕ್ಕಳು ಇಲ್ಲಿ ಎಡವಿದರೆ ನಾನು ವ್ಯಾಕರಣ ಹೇಳುವುದೇ ಇಲ್ಲ. "ಮನೆಯಲ್ಲಿ ಅಮ್ಮನ ಹತ್ತಿರ ಹೇಗೆ ಹೇಳುತ್ತೀರಿ?" ಅಂತ ಕೇಳುತ್ತೇನೆ. ಐದು ನಿಮಿಷದಲ್ಲಿ ಮುಗಿಯುತ್ತದೆ.

ಬರೆಯುವಾಗಿನ ಎರಡು ಮೂರು ಸಣ್ಣ ವಿಷಯ ಬೇಗ ಹೇಳಿಬಿಡುತ್ತೇನೆ. "ಮೀ"ಗೆ ಗೀಟು ಇದೆ, "ತಿ"ಗೆ ಇಲ್ಲ. ಮೀ-ಮಿ, ತೂ-ತು ಅಂತ ಜೋಡಿಗಳಿವೆ, ಗುರುತಿಗೆ ಗೀಟು ಬೇಕು. "ತಿ" ಒಂಟಿ, ಅದಕ್ಕೆ ಯಾರ ಜೊತೆಯೂ ಗೊಂದಲ ಇಲ್ಲ. ಸ್ಪೇನ್‌ನವರೇ "ತಿ"ಗೆ ಗೀಟು ಎಳೆದು ತಪ್ಪು ಮಾಡುತ್ತಾರೆ. ನಾನಂತೂ ಪಾಠ ಶುರು ಮಾಡಿದ ಹೊಸತರಲ್ಲಿ ಒಂದು ಇಡೀ ವಾರ ಬೋರ್ಡ್ ಮೇಲೆ ಗೀಟು ಎಳೆದೇ ಬರೆದಿದ್ದೆ. ಕೊನೆಗೆ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಪುಸ್ತಕ ತೋರಿಸಿದಳು. ಇನ್ನೊಂದು, "ದೆ" ಮತ್ತು ಗೀಟಿಲ್ಲದ "ಎಲ್" (ಇಂಗ್ಲಿಷ್‌ನ "ದಿ" ಇದ್ದ ಹಾಗೆ) ಸೇರಿದರೆ "ದೆಲ್" ಆಗುತ್ತದೆ. ಅವನು ಅನ್ನುವ ಗೀಟಿನ "ಎಲ್" ಮಾತ್ರ ಯಾರ ಜೊತೆಯೂ ಸೇರುವುದಿಲ್ಲ. "ಲಾ ಕಾಸಾ ದೆ ಎಲ್" ಅಂದರೆ ಅವನ ಮನೆ, ಬಿಡಿಸಿಯೇ ಬರೆಯಬೇಕು. ಮತ್ತೆ "ನನ್ನ ಹಿಂದೆ" ಅನ್ನಲು "ದೆತ್ರಾಸ್ ದೆ ಮೀ". ನಿಮ್ಮ ಅರ್ಜೆಂಟೀನಾದ ಗೆಳೆಯ ಬಹುಶಃ "ದೆತ್ರಾಸ್ ಮೀಯೊ" ಅನ್ನುತ್ತಾನೆ. ಮಾತಿನಲ್ಲಿ ಅದು ಅವನ ಊರಲ್ಲಿ ಮಾಮೂಲಿ, ಪರೀಕ್ಷೆಯಲ್ಲಿ ಬರೆದರೆ ಮಾರ್ಕು ಹೋಗುತ್ತದೆ.

ಇನ್ನು ಅವನ "ಬೋಸ್". ಅವನು ತಪ್ಪು ಮಾತಾಡುತ್ತಿಲ್ಲ ಮಾರಾಯ್ರೇ. ಅರ್ಜೆಂಟೀನಾ, ಉರುಗ್ವೆ, ಮತ್ತೆ ಮಧ್ಯ ಅಮೆರಿಕದ ಎಷ್ಟೋ ಕಡೆ "ತೂ" ಬದಲು "ಬೋಸ್" ಅನ್ನುತ್ತಾರೆ. ನಮ್ಮಲ್ಲಿ ಕುಂದಾಪುರದ ಕನ್ನಡ, ಧಾರವಾಡದ ಕನ್ನಡ ಇರುವ ಹಾಗೆ. ನಿಮ್ಮಂಥವರಿಗೆ ಇದೊಂದು ವರ. ಯಾಕೆಂದರೆ ಬೋಸ್ ಬದಲಾಗುವುದೇ ಇಲ್ಲ. "ಪಾರ ಬೋಸ್", "ಸಿನ್ ಬೋಸ್", "ಕೊನ್ ಬೋಸ್", "ಎಂತ್ರೆ ಬೋಸ್ ಇ ಯೋ". ಕೊಂತೀಗೊ ಕೂಡ ಬೇಡ. ಬರೀ "ಆ ಬೋಸ್ ತೆ ಗುಸ್ತಾ" ಅನ್ನುವಾಗ ಒಳಗಿನ "ತೆ" ಹಾಗೇ ಇರುತ್ತದೆ. "ಮೀ" ಮತ್ತು "ಕೊನ್ಮೀಗೊ" ಮಾತ್ರ ಅವನಿಗೂ ತಪ್ಪಿದ್ದಲ್ಲ.

ಯಾವುದನ್ನು ಬಳಸಬೇಕು ಅಂತ ಕೇಳಿದರೆ, ಹಡಗಿನ ಪ್ರಯಾಣಿಕರ ಹತ್ತಿರ "ಉಸ್ತೆದ್" ಬಿಟ್ಟು ಬೇರೆ ಮಾತೇ ಬೇಡ. ಗೌರವಕ್ಕೆ ಗೌರವ ಆಯಿತು, ಬದಲಾಯಿಸುವ ಕಷ್ಟವೂ ಇಲ್ಲ. "ಪಾರ ಉಸ್ತೆದ್", "ಕೊನ್ ಉಸ್ತೆದ್", ಮುಗಿಯಿತು. ಅಜ್ಜಿಗೆ ನಾನು ಹೇಳಬೇಕಾಗಿದ್ದದ್ದು "ಬೆಂಗಾ ಕೊನ್ಮೀಗೊ". ಸ್ಪೇನ್, ಮೆಕ್ಸಿಕೋ ಕಡೆಯ ಸಹೋದ್ಯೋಗಿಗಳಿಗೆ ತೂ, ತಿ, ಕೊಂತೀಗೊ. ಕ್ಯಾಬಿನ್‌ನ ಗೆಳೆಯನಿಗೆ ಬೋಸ್. ರಜೆ ಮುಗಿಸಿ ಹೋಗುವಾಗ ಅವನಿಗೆ ಒಂದು ಪ್ಯಾಕೆಟ್ ಗೋಡಂಬಿ ತಗೊಂಡು ಹೋಗಿ. ಕೈಗೆ ಕೊಡುವಾಗ "ಎಸ್ತೊ ಎಸ್ ಪಾರ ಬೋಸ್" ಅನ್ನಿ. ಅವನು ಪ್ಯಾಕೆಟ್ ಒಡೆದು ನಿಮ್ಮ ಕಡೆ ಚಾಚಿ "ಇ ಪಾರ ಬೋಸ್?" ಅಂತ ಕೇಳಿದರೆ, "ಪಾರ ಮೀ ತಂಬಿಯೆನ್" ಅಂದು ನೀವೂ ಒಂದು ಹಿಡಿ ತಗೊಳ್ಳಿ.